ನೀಲಿ ಬಟ್ಟಲಿನ ಉಪ್ಪು

ನನ್ನನ್ನು ಊರಲ್ಲಿ ಎಲ್ಲರೂ ಉಪ್ಪಕ್ಕ ಎನ್ನುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ. ಅದು ಈಚೆಗೆ ಆಸ್ಪತ್ರೆಯ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಕೆಲಸಕ್ಕೆ ಬಂದಿಲ್ಲ. ಇಲ್ಲಿಯ ನೆಲದಡಿಯ ನೀರು ಮಹಾ ಗಡಸು. ಕಾಯಿಸಿದರೂ ಉಪ್ಪು ಬಿಡುತ್ತದೆ, ಸುಮ್ಮನೆ ಇಟ್ಟರೂ ಬಿಡುತ್ತದೆ. ಗೀಜರಿನ ಹೊಟ್ಟೆ, ಕೆಟಲಿನ ತಳ, ನಲ್ಲಿಯ ಮೂತಿ, ನಾಯಿ ಬೆಕ್ಕು ನೀರು ಕುಡಿಯುವ ಬಟ್ಟಲು, ಎಲ್ಲದಕ್ಕೂ ಬಿಳಿ ಪದರ ಕಟ್ಟುತ್ತದೆ. ಮನೆಮನೆಗೆ ಹೋಗಿ ಆ ಪದರವನ್ನು ತೆಗೆಯುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ.

ಈ ಕೆಲಸಕ್ಕೆ ಬೇಕಾದದ್ದು ವಿನೆಗರ್, ನಿಂಬೆ ಉಪ್ಪೆನ್ನುವ ಹುಳಿ ಪುಡಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಮರದ ಚಮಚ ಮತ್ತು ತಾಳ್ಮೆ. ಮೊದಲ ನಾಲ್ಕು ನನ್ನ ಚೀಲದಲ್ಲಿ ಸದಾ ಇರುತ್ತವೆ. ತಾಳ್ಮೆ ಇಲ್ಲ, ಅದನ್ನು ಕೆಲಸ ಇದ್ದಾಗ ಮಾತ್ರ ಎಲ್ಲಿಂದಲೋ ತಂದುಕೊಳ್ಳುತ್ತೇನೆ. ಜನ ಏನು ಮಾಡುತ್ತಾರೆಂದರೆ, ಪಾಪದ ನಾಯಿಯ ಬಟ್ಟಲನ್ನು ಸ್ಟೀಲ್ ನಾರಿನಿಂದ ಗಸಗಸ ಉಜ್ಜಿ ಗೀರು ಮಾಡಿ ಇಡುತ್ತಾರೆ. ಗೀರಿನಲ್ಲಿ ಉಪ್ಪು ಮತ್ತಷ್ಟು ಗಟ್ಟಿಯಾಗಿ ಕೂರುತ್ತದೆ. ಇನ್ನು ಕೆಲವರು ಬಟ್ಟಲು ಅರ್ಧ ಖಾಲಿಯಾದಾಗ ಮೇಲಿಂದ ಒಂದು ಚೊಂಬು ಸುರಿದು ಕೈ ತೊಳೆದುಕೊಳ್ಳುತ್ತಾರೆ. ಹಳೆಯ ನೀರಿನ ಮೇಲೆ ಹೊಸ ನೀರು ಹಾಕಿದಷ್ಟು ಸಲ ಒಂದೊಂದು ಗೆರೆ. ಚೆಲ್ಲಿ, ತೊಳೆದು, ಹೊಸದಾಗಿ ಹಾಕಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೇಳಿದ್ದರೆ ನನಗೆ ಕೆಲಸ ಇರುತ್ತಿರಲಿಲ್ಲ, ಅದೂ ನಿಜ.

ನನ್ನ ಮನೆಯಲ್ಲಿ ಇದ್ದದ್ದು ನಾನು ಮತ್ತು ಯಜಮಾನ. ಯಜಮಾನ ಎಂದರೆ ನನ್ನ ನಾಯಿ. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡದ್ದು. ಮರಿಯಾಗಿದ್ದಾಗಲೇ ಮನೆಯ ಒಂದೇ ಒಂದು ಒಳ್ಳೆಯ ಕುರ್ಚಿಯನ್ನು ತನ್ನದು ಮಾಡಿಕೊಂಡು, ನಾನು ಬಂದರೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮಲಗುತ್ತಿದ್ದ. ಆ ಗತ್ತಿಗೆ ಆ ಹೆಸರು. ನಾನು ಮದುವೆಯಾದವಳಲ್ಲ. "ಯಜಮಾನ್ರು ಹೇಗಿದ್ದಾರೆ?" ಎಂದು ಅಕ್ಕಪಕ್ಕದವರು ಕೇಳುವರು. "ಹೊಟ್ಟೆ ತುಂಬಿದೆ, ಗೊರಕೆ ಹೊಡೀತಾ ಇದ್ದಾರೆ" ಎನ್ನುವೆ. ಗಂಡಂದಿರ ಬಗ್ಗೆ ಅವರು ಹೇಳುವುದೂ ಅಷ್ಟೇ ಆದ್ದರಿಂದ ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

ಹದಿಮೂರು ವರ್ಷ ನಾವಿಬ್ಬರೂ ಹಾಗೆ ಬಾಳಿದೆವು. ಅವನ ಕಣ್ಣಿಗೆ ಪೊರೆ ಬಂತು, ಹಲ್ಲು ಉದುರಿದವು. ನಾನು ಕೆಲಸ ಮುಗಿಸಿ ಬಂದರೆ ನನ್ನನ್ನು ನೋಡುವ ಬದಲು ನನ್ನ ಕೈ ಮೂಸುತ್ತಿದ್ದ. ಸೋಪು ಹಾಕಿ ತೊಳೆದರೂ ವಿನೆಗರ್ ವಾಸನೆ ನನ್ನ ಬೆರಳ ಸಂದಿಯಿಂದ ಹೋಗುವುದಿಲ್ಲ. ಮೂಸಿ, ಬೆರಳ ಸಂದಿ ನೆಕ್ಕಿ, ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಎನ್ನುವಂತೆ ಗಂಟಲಲ್ಲೇ ಒಂದು ರಾಗ ಎಳೆಯುತ್ತಿದ್ದ. ಅವನ ನೀರಿನ ಬಟ್ಟಲು ನೀಲಿ ಪಿಂಗಾಣಿಯದು, ಅಂಚಿನಲ್ಲಿ ಒಂದು ಚೂರು ಹೋಗಿದೆ. ಪ್ರತಿ ಭಾನುವಾರ ಅದನ್ನು ವಿನೆಗರ್‌ನಲ್ಲಿ ನೆನೆಹಾಕಿ ಕನ್ನಡಿ ಮಾಡುತ್ತಿದ್ದೆ. ಊರಿನ ಉಪ್ಪು ತೆಗೆಯುವವಳ ಮನೆಯ ಬಟ್ಟಲಲ್ಲೇ ಉಪ್ಪು ಇದ್ದರೆ ಜನ ಆಡಿಕೊಳ್ಳುವುದಿಲ್ಲವೇ?

ನನಗೆ ಒಬ್ಬಳೇ ತಂಗಿ. ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಅವಳಿಗೆ ಆರು ತುಂಬುವಾಗ ಅಮ್ಮ ಹೋದಳು. ಆಮೇಲೆ ಅವಳ ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತದ್ದು, ಲೆಕ್ಕ ತಪ್ಪಿದರೆ ಕಿವಿ ಹಿಂಡಿದ್ದು ಎಲ್ಲ ನಾನೇ. ಮದುವೆಯಾಗಿ ಅವಳು ಮೇಲಿನ ಬಡಾವಣೆಗೆ ಹೋದಳು. ಅಲ್ಲಿಗೆ ಬರುವುದು ಕೆರೆಯ ಸಿಹಿನೀರು. ಒಂದು ಸಲ ಸೋಪು ಉಜ್ಜಿದರೆ ಬಕೆಟ್ ತುಂಬ ನೊರೆ. "ಊರಿಗೆಲ್ಲ ನೀನು ಬೇಕು, ನಮ್ಮನೇಲಿ ಮಾತ್ರ ನಿನಗೆ ಕೆಲಸ ಇಲ್ಲ ನೋಡು ಅಕ್ಕ" ಎಂದು ನನ್ನನ್ನು ರೇಗಿಸುತ್ತಿದ್ದಳು. ಅವಳ ಕೆಟಲಿನ ತಳದಲ್ಲಿ ಮುಖ ನೋಡಿಕೊಳ್ಳಬಹುದು. ಭಾನುವಾರಗಳಂದು ಅವಳು ಬರುವಳು, ಇಬ್ಬರೂ ಟೀ ಕುಡಿಯುತ್ತ ಊರವರನ್ನೆಲ್ಲ ಆಡಿಕೊಳ್ಳುವೆವು. ನನ್ನವರು ಅಂತ ಇದ್ದದ್ದು ಇಷ್ಟೇ ಜನ, ಅದರಲ್ಲಿ ಒಬ್ಬನಿಗೆ ನಾಲ್ಕು ಕಾಲು.

ಒಂದು ಮಂಗಳವಾರ ಒಬ್ಬರ ಬಚ್ಚಲಿನಲ್ಲಿ ಗೀಜರ್ ಬಿಚ್ಚುತ್ತಿದ್ದಾಗ ಸ್ಟೂಲು ವಾಲಿತು. ಬಿದ್ದೆ. ಸೊಂಟದ ಮೂಳೆ ಮುರಿಯಿತು. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ ತಂಗಿಗೆ ಫೋನ್ ಮಾಡಿ ನಾನು ಹೇಳಿದ ಮೊದಲ ಮಾತು ನನ್ನ ಮೂಳೆಯದಲ್ಲ.

"ಯಜಮಾನನ್ನ ಕರ್ಕೊಂಡು ಹೋಗೇ. ಬೀಗದ ಕೈ ನಿನ್ನ ಹತ್ರ ಇದೆಯಲ್ಲ. ಅವನ ನೀಲಿ ಬಟ್ಟಲೂ ತಗೊಂಡು ಹೋಗು, ಬೇರೆಯದ್ರಲ್ಲಿ ಅವನು ಕುಡಿಯಲ್ಲ."

"ನೀನು ಅದರ ಯೋಚನೆ ಬಿಡು ಅಕ್ಕ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ" ಎಂದಳು.

ಆಪರೇಷನ್ ಆದದ್ದು ಶುಕ್ರವಾರ. ಅವತ್ತು ಅವಳು ಬರಲಿಲ್ಲ. ಬಸ್ಸಿನವರ ಮುಷ್ಕರವಂತೆ, ಊರಿನಲ್ಲಿ ಒಂದು ಚಕ್ರವೂ ಉರುಳಲಿಲ್ಲವಂತೆ, ಫೋನಿನಲ್ಲಿ ಅತ್ತಳು. ನಾನೇ ಸಮಾಧಾನ ಮಾಡಿದೆ. ಮೂರನೆಯ ವಾರ ಗಾಯಕ್ಕೆ ಸೋಂಕು ತಗುಲಿ ಜ್ವರ ಏರಿತು. ಆಗ ಎರಡು ದಿನ ನಾನು ಈ ಲೋಕದಲ್ಲಿರಲಿಲ್ಲ, ಡಾಕ್ಟರು ಏನೂ ಹೇಳಲಾಗದು ಎಂದಿದ್ದರಂತೆ. ಹೇಗೋ ಬದುಕಿದೆ. ಎರಡು ತಿಂಗಳು ಕಳೆದು, ನಾನು ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಾಗ, ತಂಗಿ ಬಂದು ಮಂಚದ ತುದಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡಳು.

"ಯಜಮಾನ ಹೋಗ್ಬಿಟ್ಟ ಅಕ್ಕ. ನಿದ್ದೇಲೇ. ಒಂಚೂರೂ ನರಳಲಿಲ್ಲ. ಹಿತ್ತಲಲ್ಲಿ ನಿಂಬೆಗಿಡದ ಕೆಳಗೆ ಮಣ್ಣು ಮಾಡಿದ್ವಿ."

ಆ ವಾರ್ಡಿನಲ್ಲಿ ಎಂಟು ಜನರ ಎದುರಿಗೆ ಬಾಯಿಬಿಟ್ಟು ಅತ್ತೆ. ನಾಚಿಕೆ ಆಗಲಿಲ್ಲ. ತಂಗಿಯೂ ಅತ್ತಳು. ಅವಳ ಹೆಗಲ ಮೇಲೆ ತಲೆಯಿಟ್ಟು, ಇವಳೊಬ್ಬಳು ಇದ್ದಾಳಲ್ಲ ನನಗೆ ಎಂದುಕೊಂಡೆ.

ನಾಲ್ಕು ತಿಂಗಳ ಮೇಲೆ ಬಿಡುಗಡೆಯಾಯಿತು. ಮನೆಗೆ ಹೋಗುವ ದಾರಿಯಲ್ಲಿ ಅವಳ ಮನೆಗೆ ಹೋಗಿ ನಿಂಬೆಗಿಡದ ಕೆಳಗೆ ನಿಂತೆ. ಒಂದು ಚಪ್ಪಟೆ ಕಲ್ಲು ಇಟ್ಟಿದ್ದಳು. ಬಗ್ಗಲಾಗದ್ದರಿಂದ ಕೋಲಿನ ತುದಿಯಿಂದಲೇ ಆ ಕಲ್ಲನ್ನು ಮುಟ್ಟಿದೆ. ತಂಗಿ ನನ್ನ ಬೆನ್ನು ಸವರುತ್ತ ಪಕ್ಕದಲ್ಲೇ ನಿಂತಿದ್ದಳು. ಹೊರಡುವಾಗ ಬಟ್ಟೆಯಲ್ಲಿ ಸುತ್ತಿದ ನೀಲಿ ಬಟ್ಟಲನ್ನು ಕೈಗಿತ್ತಳು.

"ತೊಳೀಲಿಲ್ಲ ಅಕ್ಕ. ಅವನು ಕುಡಿದ ಗುರುತು ಹಾಗೇ ಇರಲಿ ಅಂತ ಬಿಟ್ಟೆ."

ಆ ಮಾತು ಕೇಳಿ ಮತ್ತೊಮ್ಮೆ ಅತ್ತೆ.

ಬಟ್ಟಲನ್ನು ಬಿಚ್ಚಲು ನನಗೆ ಎರಡು ವಾರ ಬೇಕಾಯಿತು. ಒಂದು ಬೆಳಿಗ್ಗೆ ಬಿಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಬಟ್ಟಲಿನ ಒಳಗೆಲ್ಲ ಉಪ್ಪು ಹೆಪ್ಪುಗಟ್ಟಿತ್ತು. ತೊಳೆಯಬಾರದು ಎಂದು ಮನಸ್ಸು ಹೇಳಿತು. ಆದರೆ ಉಪ್ಪು ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಯಜಮಾನ ಇದ್ದಿದ್ದರೆ ಇಂಥ ಬಟ್ಟಲಿಗೆ ಮೂತಿಯನ್ನೇ ಇಡುತ್ತಿರಲಿಲ್ಲ, ನೆನಪಿಗಾದರೂ ಚೊಕ್ಕಟವಾಗಿರಲಿ ಎಂದು ಅರ್ಧ ನೀರು ಅರ್ಧ ವಿನೆಗರ್ ಬೆರೆಸಿ ಸುರಿದೆ. ಸುಯ್ಯೆಂದು ಸಣ್ಣ ಗುಳ್ಳೆಗಳೆದ್ದವು. ಅರ್ಧ ಗಂಟೆ ಬಿಟ್ಟು ಮರದ ಚಮಚದ ಹಿಡಿಯಿಂದ ಮೆಲ್ಲಗೆ ಒತ್ತಿದೆ. ಮೊಟ್ಟೆಯ ಚಿಪ್ಪಿನಷ್ಟು ದಪ್ಪದ ಒಂದು ಚೂರು ಎದ್ದು ಬಂತು.

ಅದನ್ನು ಬೆಳಕಿಗೆ ಹಿಡಿದು ನೋಡಿದೆ.

ತಂಗಿಯ ಮನೆಯಲ್ಲಿ ಸಿಹಿನೀರು. ಅಲ್ಲಿ ನಾಲ್ಕು ತಿಂಗಳಲ್ಲ, ನಾಲ್ಕು ವರ್ಷ ಇಟ್ಟರೂ ಬಟ್ಟಲು ಹೀಗಾಗುವುದಿಲ್ಲ. ನಾನು ಬೀಳುವ ಎರಡು ದಿನ ಮುಂಚೆ, ಆ ಭಾನುವಾರ, ನನ್ನ ಕೈಯಾರೆ ಇದನ್ನು ತೊಳೆದಿದ್ದೆ. ಅಂದ ಮೇಲೆ ಇದು ಎಲ್ಲಿಂದ ಬಂತು? ಅದೂ ಬರೀ ಬಿಳಿ ಅಲ್ಲ. ಬಿಳಿ, ಅದರ ಕೆಳಗೆ ತುಕ್ಕಿನ ಕೆಂಪು, ಮತ್ತೆ ಬಿಳಿ, ಮತ್ತೆ ಕೆಂಪು. ಇಂಥ ಉಪ್ಪು ಊರಿನಲ್ಲಿ ಒಂದೇ ಕಡೆ ಇರುವುದು: ಬಸ್ ಡಿಪೋದ ಹಿಂದಿನ ಮೂರು ಸಾಲು ಮನೆಗಳಲ್ಲಿ. ಅವಕ್ಕೆ ಡಿಪೋದ ಹಳೆಯ ಬೋರಿನ ನೀರು, ಪಂಪು ನಿಂತು ಹೊರಟಾಗಲೆಲ್ಲ ಪೈಪಿನ ತುಕ್ಕು ಬರುತ್ತದೆ. ಅಲ್ಲಿನ ಕ್ಷೌರಿಕನ ಗೀಜರನ್ನು ವರ್ಷಕ್ಕೆರಡು ಸಲ ನಾನೇ ಬಿಚ್ಚುತ್ತೇನೆ. ಆ ಬಣ್ಣ ನನಗೆ ಕಣ್ಣು ಮುಚ್ಚಿದರೂ ಕಾಣುತ್ತದೆ.

ಇನ್ನೊಂದು ವಿಷಯ ಗಮನಿಸಿದಾಗ ಕುರ್ಚಿ ಎಳೆದು ಕೂತೆ. ಆ ನೀರು ತಿಂಗಳಿಗೆ ಎಷ್ಟು ದಪ್ಪ ಕಟ್ಟುತ್ತದೆ ಎಂದು ನನಗೆ ಗೊತ್ತು. ಇದು ಎರಡು ತಿಂಗಳ ದಪ್ಪವಲ್ಲ. ಸುಮಾರು ನಾಲ್ಕು ತಿಂಗಳದ್ದು. ಮೇಲಿನ ಪದರ ಇನ್ನೂ ಹಿಟ್ಟಿನಂತೆ ಮೆತ್ತಗಿತ್ತು, ಮೊನ್ನೆಮೊನ್ನೆಯದು. ಸತ್ತು ಎರಡು ತಿಂಗಳಾದ ನಾಯಿಯ ಬಟ್ಟಲಿಗೆ ಇನ್ನೂ ಎರಡು ತಿಂಗಳು ಯಾರೋ ನೀರು ಹಾಕಿದ್ದರು.

ಬೇರೆ ಯಾವುದೋ ನಾಯಿಗೆ ಕೊಟ್ಟಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ತಂಗಿಗೆ ಫೋನ್ ಮಾಡಿದೆ.

"ನಿಮ್ಮನೆ ನೀರೇನಾದ್ರೂ ಬದಲಾಯ್ತಾ?"

"ಇಲ್ಲವಲ್ಲ. ಅದೇ ಕೆರೆ ನೀರು. ಯಾಕೆ?"

"ಸುಮ್ನೆ ಕೇಳ್ದೆ. ಯಜಮಾನನ ಬಟ್ಟಲನ್ನ ಯಾರಿಗಾದ್ರೂ ಕೊಟ್ಟಿದ್ದೆಯಾ ಮಧ್ಯದಲ್ಲಿ?"

"ಅಯ್ಯೋ, ಅದನ್ನ ಯಾರಿಗೆ ಕೊಡ್ಲಿ? ಹಿತ್ತಲಲ್ಲೇ ಇತ್ತು. ಅವನು ಹೋದ ದಿನದಿಂದ ಮುಟ್ಟಿಲ್ಲ ನಾನು." ಆಮೇಲೆ, "ಅದನ್ನೇ ನೋಡ್ತಾ ಕೂತ್ಕೋಬೇಡ ಅಕ್ಕ, ಮನಸ್ಸಿಗೆ ಒಳ್ಳೇದಲ್ಲ" ಎಂದಳು.

ದನಿಯಲ್ಲಿ ಎಷ್ಟು ಕಾಳಜಿ! ಬೇರೆ ಯಾರಾದರೂ ಆಗಿದ್ದರೆ ನಂಬುತ್ತಿದ್ದರು. ನಾನೂ ನಂಬುತ್ತಿದ್ದೆ, ಕೈಯಲ್ಲಿ ಆ ಚೂರು ಇರದಿದ್ದರೆ.

ಡಿಪೋದ ಹಿಂದಿನ ಮೂರು ಸಾಲಿನಲ್ಲಿ ನನ್ನ ತಂಗಿಗೆ ಪರಿಚಯ ಇರುವುದು ಒಂದೇ ಮನೆ. ಅವಳ ಬಟ್ಟೆ ಹೊಲಿಯುವ ಟೈಲರಮ್ಮನ ಮನೆ. ಹತ್ತು ವರ್ಷದಿಂದ ತಂಗಿಯ ಬಾಯಲ್ಲಿ ಅವಳ ಹೊಗಳಿಕೆ ಕೇಳಿದ್ದೆ, ಮುಖ ನೋಡಿರಲಿಲ್ಲ. ಚೂರನ್ನು ಕರವಸ್ತ್ರದಲ್ಲಿ ಕಟ್ಟಿ, ಕೈಯನ್ನೂ ಸರಿಯಾಗಿ ತೊಳೆಯದೆ, ಕೋಲೂರಿಕೊಂಡು ಬಸ್ಸು ಹತ್ತಿದೆ. ಡಾಕ್ಟರು ಇನ್ನೊಂದು ತಿಂಗಳು ಬಸ್ಸು ಹತ್ತಬಾರದೆಂದು ಹೇಳಿದ್ದರು. ಡಾಕ್ಟರಿಗೆ ಹೇಳಲು ಬಾಯಿದೆ, ಹೇಳಲಿ.

ಟೈಲರಮ್ಮನ ಮನೆ ಎರಡನೆಯ ಸಾಲಿನ ಕೊನೆಯದು. ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಹೊಲಿಗೆ ಯಂತ್ರದ ಸದ್ದು ಬೀದಿಗೆ ಕೇಳುತ್ತಿತ್ತು. ಬಾಗಿಲ ಬಳಿ, ಕತ್ತರಿಸಿದ ಬಟ್ಟೆ ಚೂರುಗಳ ರಾಶಿಯ ಮೇಲೆ, ಒಂದು ಕಿವಿ ನೆಟ್ಟಗೆ ಇನ್ನೊಂದು ಮಡಚಿಕೊಂಡು, ಯಜಮಾನ ಮಲಗಿದ್ದ.

ನಾನು ಗೇಟು ಹಿಡಿದುಕೊಂಡೆ. ಅವನು ತಲೆಯೆತ್ತಿ ಪೊರೆ ಬಂದ ಕಣ್ಣಿನಿಂದ ನಾನಿದ್ದ ಕಡೆ ನೋಡಿ, ಯಾರೋ ಗಿರಾಕಿ ಎಂದುಕೊಂಡು ಮತ್ತೆ ತಲೆಯಿಟ್ಟ. ಯಂತ್ರ ನಿಂತಿತು. ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡ, ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸು ಎದ್ದು ಬಂದಳು.

"ಏನು ಬೇಕಿತ್ತು?"

"ಈ ನಾಯಿ ಯಾರದು?"

"ನಂದು. ಯಾಕೆ, ಯಾರಿಗಾದ್ರೂ ಕಚ್ಚಿತಾ? ಕಚ್ಚೋಕೆ ಅದಕ್ಕೆ ಹಲ್ಲೇ ಇಲ್ವಲ್ಲ!"

"ಮೊದ್ಲು ಯಾರದಾಗಿತ್ತು?"

ಅವಳ ಮುಖ ಮೆತ್ತಗಾಯಿತು. "ಪಾಪ, ಒಬ್ರು ಅಕ್ಕನದು. ತೀರಿಹೋದ್ರು. ನಮ್ಮ ಗಿರಾಕಿ ಒಬ್ರಿದಾರೆ, ಅವರ ಅಕ್ಕ. ಗೀಜರ್ ರಿಪೇರಿ ಮಾಡೋಕೆ ಹೋಗಿ ಸ್ಟೂಲಿಂದ ಬಿದ್ದು, ಬಿದ್ದಲ್ಲೇ ಪ್ರಾಣ ಹೋಯ್ತಂತೆ."

ನನ್ನ ಸಾವಿನ ಸುದ್ದಿಯನ್ನು ನಾನು ನಿಂತುಕೊಂಡೇ ಕೇಳಿದೆ. ರಿಪೇರಿ ಅಲ್ಲ, ಉಪ್ಪು ತೆಗೆಯುವುದು ಎಂದು ತಿದ್ದಬೇಕೆನಿಸಿತು. ನನ್ನ ತಂಗಿಗೆ ನನ್ನ ಕಸುಬನ್ನಾದರೂ ಸರಿಯಾಗಿ ಹೇಳಲು ಬರಲಿಲ್ಲವೇ?

"ಆ ಅಕ್ಕ ನಾನೇ" ಎಂದೆ.

ಟೈಲರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಿಸಿಲಿಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. "ಕೂತ್ಕೊಳ್ಳಿ, ನೀರು ಕೊಡ್ತೀನಿ" ಎಂದಳು. ನಾನು ಕೂರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಬಾಗಿಲ ಚೌಕಟ್ಟು ಹಿಡಿದು, ಸೊಂಟ ಕಿರುಗುಟ್ಟಿದರೂ ಬಿಡದೆ ಬಗ್ಗಿ, ಕೈಯನ್ನು ಅವನ ಮೂಗಿನ ಹತ್ತಿರ ಹಿಡಿದೆ.

ಅವನು ಸುಮ್ಮನೆ ಒಮ್ಮೆ ಮೂಸಿದ. ಇನ್ನೊಮ್ಮೆ ಮೂಸಿದ. ಆಮೇಲೆ ನನ್ನ ಬೆರಳ ಸಂದಿಗೆ ನಾಲಿಗೆ ಹಾಕಿದ. ಹಿಂಗಾಲು ನಡುಗಿಸುತ್ತ ಎದ್ದು ನಿಂತು, ಗಂಟಲಿನಿಂದ ಆ ರಾಗ ಎಳೆದ. ನಾಲ್ಕು ತಿಂಗಳ ಜಗಳವನ್ನೆಲ್ಲ ಸೇರಿಸಿ ಒಂದೇ ಸಲ ಎಳೆದಂತಿತ್ತು. ನಾನು ಆ ಬಟ್ಟೆ ಚೂರುಗಳ ಮೇಲೆ ಕುಸಿದು ಕೂತು ಅವನ ಕುತ್ತಿಗೆ ತಬ್ಬಿಕೊಂಡೆ.

ಟೈಲರಮ್ಮನ ಕೈಯಲ್ಲಿದ್ದ ನೀರಿನ ಲೋಟ ಹಾಗೇ ನಿಂತಿತ್ತು. "ಈ ಸದ್ದು ಅವನು ಇಲ್ಲಿ ಒಂದು ದಿನಾನೂ ಮಾಡಿಲ್ಲ" ಎಂದಳು. ಆಮೇಲೆ ಅವಳೂ ನೆಲದ ಮೇಲೇ ಕೂತಳು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ಅವಳು ಎಲ್ಲ ಹೇಳಿದಳು. ತಂಗಿ ನಾಯಿಯನ್ನು ಕರೆತಂದು, ಇಟ್ಟುಕೊಳ್ಳಿ ಎಂದಳಂತೆ. ಟೈಲರಮ್ಮ ಮೊದಲು ಒಪ್ಪಲಿಲ್ಲವಂತೆ.

"ಬೇರೆಯವರ ನಾಯಿ ನಂಗೆ ಬೇಡ, ನಾಳೆ ಬಂದು ಕೇಳ್ತಾರೆ, ಕೊಡೋಕೆ ಮನಸ್ಸಾಗಲ್ಲ ಅಂದೆ. ಆಗ ಹೇಳಿದ್ರು, ಕೇಳೋಕೆ ಯಾರೂ ಇಲ್ಲ, ಅಕ್ಕ ಹೋಗ್ಬಿಟ್ಳು ಅಂತ. ನಿಂತಲ್ಲೇ ಅತ್ರು."

"ಚೆನ್ನಾಗಿ ಅತ್ತಳಾ?"

"ನಂಗೇ ಕಣ್ಣಲ್ಲಿ ನೀರು ಬಂತು."

ನನ್ನ ತಂಗಿಗೆ ಅಳು ಸಲೀಸು. ಚಿಕ್ಕಂದಿನಲ್ಲೂ ಹಾಗೇ, ತಾನೇ ಲೋಟ ಒಡೆದು ತಾನೇ ಮೊದಲು ಅಳುತ್ತಿದ್ದಳು, ನಾನು ಪೆಟ್ಟು ತಿನ್ನುತ್ತಿದ್ದೆ.

"ಬಟ್ಟಲು?"

"ಅದನ್ನ ಎರಡು ವಾರದ ಹಿಂದೆ ಬಂದು ಇಸ್ಕೊಂಡು ಹೋದ್ರು. ಅಕ್ಕನ ನೆನಪಿಗೆ ಏನೂ ಉಳಿದಿಲ್ಲ, ಅದೊಂದಾದ್ರೂ ಇರಲಿ ಅಂದ್ರು. ತೊಳೆದು ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ. ಪಾಪ, ಇವನು ಎರಡು ದಿನ ಬೇರೆ ಬಟ್ಟಲಲ್ಲಿ ನೀರೇ ಕುಡೀಲಿಲ್ಲ."

ಒಂದೇ ಬಟ್ಟಲು. ಇವಳ ಹತ್ತಿರ ಅದು ಸತ್ತ ಅಕ್ಕನ ನೆನಪು, ನನ್ನ ಹತ್ತಿರ ಸತ್ತ ನಾಯಿಯ ನೆನಪು. ನಮ್ಮಿಬ್ಬರನ್ನೂ ಒಬ್ಬರಿಗೊಬ್ಬರು ಸಾಯಿಸಿ, ಎರಡೂ ಕಡೆ ಅತ್ತು, ತಂಗಿ ಆರಾಮವಾಗಿ ಕೂತಿದ್ದಳು. ಆದರೂ ಎಲ್ಲೋ ಒಂದು ಮೂಲೆಯಲ್ಲಿ ಅವಳ ಪರವಾಗಿ ನಾನೇ ವಾದಿಸುತ್ತಿದ್ದೆ. ಮೂರನೆಯ ವಾರದ ಆ ಜ್ವರ. ಆಗ ಡಾಕ್ಟರೇ ಕೈಚೆಲ್ಲಿದ್ದರಲ್ಲ. ಅಕ್ಕ ಉಳಿಯುವುದಿಲ್ಲ ಎಂದು ಎಣಿಸಿ ಕೊಟ್ಟಿರಬಹುದು, ನಾನು ಬದುಕಿದ ಮೇಲೆ ಹೇಗೆ ಹೇಳುವುದೆಂದು ತೋಚದೆ ಸುಳ್ಳಿನ ಮೇಲೆ ಸುಳ್ಳು ಪೋಣಿಸಿರಬಹುದು. ಹಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದು ಎಂದುಕೊಂಡು ಕೇಳಿದೆ.

"ಅವಳು ನಾಯಿ ತಂದದ್ದು ಯಾವಾಗ, ನೆನಪಿದೆಯಾ?"

"ಮರೆಯೋಕೆ ಆಗುತ್ತಾ? ಬಸ್ ಮುಷ್ಕರದ ದಿನ. ಡಿಪೋ ಎದುರು ಎಲ್ಲ ಗಲಾಟೆ. ಆ ಬಿಸಿಲಲ್ಲಿ ನಿಮ್ಮ ತಂಗಿ ಅಷ್ಟು ದೂರದಿಂದ ಈ ಮುದುಕನ್ನ ನಡೆಸ್ಕೊಂಡು ಬಂದಿದ್ರು. ಇಬ್ರಿಗೂ ಏದುಸಿರು."

ನನ್ನ ಸೊಂಟಕ್ಕೆ ಕಂಬಿ ಹಾಕುತ್ತಿದ್ದ ದಿನ ಅದು. ಮಂಚ ತಳ್ಳಿಕೊಂಡು ಹೋಗುವಾಗ, ತಂಗಿ ಬಂದಿರಬಹುದೇ ಎಂದು ಕತ್ತು ತಿರುಗಿಸಿ ತಿರುಗಿಸಿ ನೋಡಿದ್ದೆ. ಬಸ್ಸಿಲ್ಲವೆಂದು ಆಸ್ಪತ್ರೆಗೆ ಬರಲಾಗದವಳು, ಅವತ್ತೇ ನನ್ನ ನಾಯಿಯನ್ನು ಸಾಗಹಾಕಲು ಊರ ಈ ತುದಿಯಿಂದ ಆ ತುದಿಗೆ ನಡೆದಿದ್ದಳು. ಆಸ್ಪತ್ರೆ ಅವಳ ಮನೆಗೆ ಇದಕ್ಕಿಂತ ಹತ್ತಿರ. ಜ್ವರ ಬಂದದ್ದು ಮೂರನೆಯ ವಾರ, ಅವಳು ನನ್ನನ್ನು ಸಾಯಿಸಿದ್ದು ನಾಲ್ಕನೆಯ ದಿನ.

ಟೈಲರಮ್ಮನನ್ನು ಏನು ಕೇಳಬೇಕೆಂದು ತಿಳಿಯದೆ ಕೂತಿದ್ದೆ. ನಾಲ್ಕು ತಿಂಗಳು ಅನ್ನ ಹಾಕಿದ್ದಾಳೆ, ತನ್ನದು ಎಂದುಕೊಂಡು ಸಾಕಿದ್ದಾಳೆ. ಕೊಡುವುದಿಲ್ಲ ಎಂದರೆ ನಾನು ಯಾವ ಬಾಯಲ್ಲಿ ಜಗಳ ಮಾಡಲಿ? ಅವಳು ಯಜಮಾನನ ಮಡಚಿದ ಕಿವಿಯನ್ನು ನೆಟ್ಟಗೆ ಮಾಡಿ ಬಿಟ್ಟಳು, ಅದು ಮತ್ತೆ ಮಡಚಿಕೊಂಡಿತು.

"ಸತ್ತವರೇ ಎದ್ದು ಬಂದು ಕೇಳ್ತಾ ಇದ್ದೀರಿ, ಇಲ್ಲ ಅನ್ನೋಕಾಗುತ್ತಾ?" ಎಂದು ನಗಲು ನೋಡಿದಳು, ಆಗಲಿಲ್ಲ. "ಕರ್ಕೊಂಡು ಹೋಗಿ. ಆದ್ರೆ ಆಗಾಗ ಬಂದು ತೋರಿಸ್ಕೊಂಡು ಹೋಗ್ಬೇಕು. ಇವನ ಕಾಲಿಗೆ ಸಾಯಂಕಾಲ ಎಣ್ಣೆ ತಿಕ್ಕಬೇಕು, ಇಲ್ದಿದ್ರೆ ಬೆಳಿಗ್ಗೆ ಏಳಲ್ಲ."

ನನ್ನ ಸ್ವಂತ ತಂಗಿ ಒಂದು ವಾರ ಇಟ್ಟುಕೊಳ್ಳಲಾರದವನ ಕಾಲಿಗೆ ಈ ಗುರುತು ಪರಿಚಯ ಇಲ್ಲದವಳು ದಿನಾ ಎಣ್ಣೆ ತಿಕ್ಕಿದ್ದಳು. ಅವಳ ಎರಡೂ ಕೈ ಹಿಡಿದುಕೊಂಡೆ. ಏನು ಹೇಳಿದೆನೋ ನೆನಪಿಲ್ಲ.

ಭಾನುವಾರ ತಂಗಿ ಬಂದಳು. ಎಂದಿನಂತೆ ಬಿಸ್ಕೆಟ್ ಪೊಟ್ಟಣ ಹಿಡಿದು, ಎಂದಿನಂತೆ ಗೇಟಿನಿಂದಲೇ "ಅಕ್ಕಾ" ಎನ್ನುತ್ತ. ಒಳಗೆ ಕಾಲಿಟ್ಟವಳು ಒಳ್ಳೆಯ ಕುರ್ಚಿಯ ಕಡೆ ನೋಡಿದಳು. ಯಜಮಾನ ಅದರ ಮೇಲೆ ಗೊರಕೆ ಹೊಡೆಯುತ್ತಿದ್ದ. ಪೊಟ್ಟಣ ಅವಳ ಕೈಯಿಂದ ಜಾರಲಿಲ್ಲ, ಏನಿಲ್ಲ. ಗಟ್ಟಿಗಿತ್ತಿ. ಅದನ್ನು ಮೇಜಿನ ಮೇಲಿಟ್ಟು, ಕೂತು, ಪಿಳಿಪಿಳಿ ಕಣ್ಣುಬಿಟ್ಟಳು.

"ಯಾರು ಹೇಳಿದ್ರು?" ಎಂಬುದೇ ಅವಳ ಮೊದಲ ಮಾತು.

ಕರವಸ್ತ್ರ ಬಿಚ್ಚಿ ಉಪ್ಪಿನ ಚೂರನ್ನು ಅವಳ ಮುಂದಿಟ್ಟೆ. ಬಿಳಿ ಯಾವುದು ಕೆಂಪು ಯಾವುದು ಎಂದು ಉಗುರಿನಿಂದ ತೋರಿಸಿ ಹೇಳಿದೆ. ಅವಳು ಅದನ್ನು ದಿಟ್ಟಿಸಿದಳು.

"ಇಷ್ಟು ಚೂರು ಉಪ್ಪು ನೋಡಿ ನನ್ನ ಮೇಲೆ ಅನುಮಾನ ಪಟ್ಯಾ ಅಕ್ಕ?"

ಅವಳಿಗೆ ನೋವಾಗಿತ್ತು! ನನ್ನ ಕೋಪ ಅಲ್ಲಿಯವರೆಗೆ ಹೇಗೋ ಹಿಡಿತದಲ್ಲಿತ್ತು, ಆ ಮಾತಿಗೆ ನೆತ್ತಿಗೇರಿತು.

"ಯಾಕೆ ಕೊಟ್ಟೆ? ಸುಳ್ಳು ಬೇಡ, ನಿಜ ಹೇಳು."

"ನಿಂಗೆ ಗೊತ್ತಲ್ಲ, ಆಗ ತಾನೇ ಹೊಸ ಸೋಫಾ ಬಂದಿತ್ತು. ಎಲ್ಲಾ ಕಡೆ ಕೂದಲು. ಎರಡು ರಾತ್ರಿ ನಿನ್ನ ನೆನೆಸ್ಕೊಂಡು ಊಳಿಟ್ಟ, ಇವರಿಗೆ ನಿದ್ದೆ ಇಲ್ಲ. ಮುದಿ ನಾಯಿ ಬೇರೆ. ಆಮೇಲೆ ನಿಂಗೆ ಜ್ವರ ಬಂತು, ಡಾಕ್ಟರು..."

"ಜ್ವರ ಆಮೇಲೆ ಬಂತು. ನೀನು ಕೊಟ್ಟದ್ದು ಮುಷ್ಕರದ ದಿನ."

ಆಗ ಅವಳ ಕಣ್ಣು ತುಂಬಿದವು, ಸರಿಯಾದ ಹೊತ್ತಿಗೆ.

"ಅವರು ತಗೊಳ್ಳಲ್ಲ ಅಂದ್ರು. ಏನೋ ಒಂದು ಬಾಯಿಗೆ ಬಂತು, ಹೇಳಿಬಿಟ್ಟೆ. ಬೇಕು ಅಂತ ಹೇಳಿದ್ದಲ್ಲ. ಈಗ ಸಿಕ್ಕಿದ್ನಲ್ಲ ಅಕ್ಕ, ಬಿಟ್ಟುಬಿಡು."

"ನಿಂಬೆಗಿಡದ ಕೆಳಗೆ ಏನಿದೆ?"

ಅವಳು ಬಿಸ್ಕೆಟ್ ಪೊಟ್ಟಣವನ್ನು ಮೇಜಿನ ಮೇಲೆ ಅತ್ತಿತ್ತ ಸರಿಸಿದಳು.

"ಕಲ್ಲಿನ ಕೆಳಗೆ ಏನಿದೆ ಕೇಳಿದೆ."

"ಏನೂ ಇಲ್ಲ."

"ಅಲ್ಲಿ ನಿಂತು ನಾನು ಅತ್ತಾಗ ಬೆನ್ನು ಸವರಿದೆಯಲ್ಲೇ. ಆ ಕೈ ಒಂಚೂರಾದ್ರೂ ನಡುಗಲಿಲ್ವಾ?"

ನಾಯಿಯನ್ನು ಕೊಟ್ಟದ್ದನ್ನು ನಾನು ಕ್ಷಮಿಸುತ್ತಿದ್ದೆನೇನೋ. ಇಟ್ಟುಕೊಳ್ಳಲು ಆಗುತ್ತಿಲ್ಲ ಅಕ್ಕ ಎಂದು ಒಂದು ಮಾತು ಹೇಳಿದ್ದರೆ ಮಂಚದಿಂದಲೇ ಬೇರೆ ದಾರಿ ಹುಡುಕುತ್ತಿದ್ದೆ. ಆದರೆ ಇಲ್ಲದ ಗೋರಿಯ ಮುಂದೆ ನನ್ನನ್ನು ನಿಲ್ಲಿಸಿ, ಕುತ್ತಿಗೆ ಕೊಯ್ದ ಕೈಯಿಂದಲೇ ಬೆನ್ನು ಸವರಿದಳಲ್ಲ, ಅದು ನನ್ನ ಗಂಟಲಿನಿಂದ ಇಳಿಯುತ್ತಿರಲಿಲ್ಲ. ನಾನು ತಲೆ ಬಾಚಿ ಬೆಳೆಸಿದ ಹುಡುಗಿ ಇವಳೇನಾ ಎಂದು ಅವಳ ಮುಖದಲ್ಲಿ ಹುಡುಕಿದೆ. ಅವಳೇ. ಹಣೆಯ ಮೇಲಿನ ಚಿಕ್ಕ ಗಾಯದ ಗುರುತೂ ಅಲ್ಲೇ ಇತ್ತು. ನಾನೇ ಔಷಧಿ ಹಚ್ಚಿದ್ದು.

"ನನಗೆ ನಿನ್ನ ಬಿಟ್ರೆ ಇನ್ಯಾರಿದ್ದಾರೆ ಅಕ್ಕ?" ಎಂದು ಅವಳು ಬಿಕ್ಕಿದಳು.

"ನಿಂಗೆ ಅಕ್ಕ ಇಲ್ಲ. ಮುಷ್ಕರಕ್ಕೆ ಮುಂಚೇನೇ ಸ್ಟೂಲಿಂದ ಬಿದ್ದು ತೀರಿಹೋದಳು. ನೀನೇ ಹೇಳಿದ್ದು."

ಅವಳ ಅಳು ತಟ್ಟನೆ ನಿಂತಿತು. ಬಹುಶಃ ಅದೊಂದೇ ಸಲ ಅವಳ ಮುಖ ನಿಜವಾಗಿ ಕಪ್ಪಿಟ್ಟಿತು. ಎದ್ದಳು, ಚಪ್ಪಲಿ ಮೆಟ್ಟಿದಳು. ನಾನು ತಡೆಯಲಿಲ್ಲ. ಆಡಿಬಿಟ್ಟರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ, ಇನ್ನಷ್ಟು ಭಾರವಾಯಿತು.

ಚಪ್ಪಲಿಯ ಸದ್ದಿಗೆ ಯಜಮಾನ ಎಚ್ಚರಗೊಂಡ. ಕುರ್ಚಿಯಿಂದ ಕಷ್ಟಪಟ್ಟು ಇಳಿದು, ಬಾಲ ಆಡಿಸುತ್ತ ಅವಳ ಹಿಂದೆಯೇ ಗೇಟಿನವರೆಗೆ ಹೋದ. ಅವನಿಗೆ ಅವಳ ಮೇಲೆ ಯಾವ ಸಿಟ್ಟೂ ಇಲ್ಲ. ಅವಳು ಬಗ್ಗಿ ಅವನ ತಲೆ ಮುಟ್ಟಲು ಹೋಗಿ, ನನ್ನತ್ತ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡಳು. ಬೀದಿಯ ತಿರುವಿನವರೆಗೂ ಅವಳು ಹಿಂತಿರುಗಿ ನೋಡುತ್ತಿದ್ದಳು. ನಾನು ಕರೆಯುತ್ತೇನೆಂದು ಕಾಯುತ್ತಿದ್ದಳು, ನನಗೆ ಗೊತ್ತು. ಐವತ್ತು ವರ್ಷದಲ್ಲಿ ಕರೆಯದೆ ಬಿಟ್ಟದ್ದು ಅದೇ ಮೊದಲು.

"ಬಾರೋ ಒಳಗೆ" ಎಂದೆ. ನಾಯಿಗೆ.

ಅವನು ಬಂದು ನೀಲಿ ಬಟ್ಟಲಿಗೆ ಮೂತಿಯಿಟ್ಟ. ನೀರು ಅರ್ಧಕ್ಕಿಳಿದಿತ್ತು. ಚೊಂಬು ಕೈಗೆತ್ತಿಕೊಂಡವಳು ಮೇಲಿಂದ ಹಾಕಲಿಲ್ಲ. ಇದ್ದ ನೀರನ್ನು ಚೆಲ್ಲಿ, ಬಟ್ಟಲು ತೊಳೆದು, ಹೊಸದಾಗಿ ತುಂಬಿಸಿ ಇಟ್ಟೆ.